ಮತ್ಸ್ಯವಿನೋದ: ಕಡಲಿನಿಂದ ತುಂಗಭದ್ರೆಯವರೆಗೆ

೧

ಕ್ರಿ. ಶ. ೧೮೮೫ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಫ್ಲಾರಿಡಾ ತೀರದ ಉಪ್ಪುನೀರಿನಲ್ಲಿ ನ್ಯೂಯಾರ್ಕಿನ ಗೃಹಸ್ಥನೊಬ್ಬನು ಗಾಳದ ಕೋಲು ಮತ್ತು ದಾರ ಸುತ್ತುವ ರಾಟೆಗಳ ಬಲದಿಂದ ‘ಟಾರ್ಪನ್’ ಎಂಬ ಮಹಾಮತ್ಸ್ಯವೊಂದನ್ನು ದಣಿಸಿ ಹಿಡಿದನು. ಅದಕ್ಕೆ ಹಿಂದೆ ಆ ಮೀನನ್ನು ಈಟಿಯಿಂದ ಇರಿದು ಹಿಡಿಯುವುದೇ ವಾಡಿಕೆಯಾಗಿತ್ತು. ಆಳುದ್ದಕ್ಕೂ ಮೀರಿ ಬೆಳೆಯುವ, ಗಾಳ ನಾಟಿದೊಡನೆ ನೀರಿನಿಂದ ಮೇಲಕ್ಕೆ ಚಿಮ್ಮಿ ತಲೆ ಕೊಡಹುವ ಆ ಪ್ರಾಣಿಯು ಕೋಲಿಗೂ ದಾರಕ್ಕೂ ಬಗ್ಗತಕ್ಕದ್ದಲ್ಲವೆಂದು ಜನರು ಎಣಿಸಿದ್ದರು. ಆ ಸುದ್ದಿ ಹಬ್ಬಿದ ಮೇಲೆ ಕಡಲಿನ ಗಾಳದ ಬೇಟೆಯು ಪಾಶ್ಚಾತ್ಯ ಶ್ರೀಮಂತರ ದೊಡ್ಡ ವಿನೋದವಾಗಿ ಬೆಳೆಯಿತು. ಅದನ್ನು ಕುರಿತು ಗ್ರಂಥಗಳು ಹುಟ್ಟಿದುವು, ಸಂಘಗಳು ಹುಟ್ಟಿದುವು. ಗಾಳದ ವಿದ್ಯೆಯನ್ನು ಕುರಿತು ಇಂಗ್ಲಿಷ್ ಭಾಷೆಯಲ್ಲಿ ಅಚ್ಚಾದ ಹಳೆಯ ಪ್ರಬಂಧವು ೧೪೯೬ರದು. ಐಸಾಕ್ ವಾಲ್ಟನ್ನನ ಹೆಸರಾಂತ ಗ್ರಂಥವು ೧೬೫೩ರದು. ಈ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಮೈಲಿಗಲ್ಲುಗಳನ್ನೇ ಎಣಿಸುತ್ತ ಹೋಗುವರು.

ಆದರೆ ಈ ಎಣಿಕೆಯಲ್ಲಿ ಸೇರದೆ ಉಳಿದ ಹಳೆಯ ಕಲ್ಲೊಂದು ಕನ್ನಡ ನಾಡಿನಲ್ಲಿಯೇ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ೧೧೨೬ರಲ್ಲಿ ತೀರಿಕೊಂಡ ತರುವಾಯ ಪಟ್ಟವೇರಿದ ಆತನ ಮಗ ಮೂರನೆಯ ಸೋಮೇಶ್ವರನು ‘ಭೂಲೋಕಮಲ್ಲ’ನೆಂಬ ಬಿರುದುಳ್ಳವನು. ಆತನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಇನ್ನೊಂದು ಹೆಸರು. ಕಾಲಗಣನೆಯ ಸಂದರ್ಭದಲ್ಲಿ ಗ್ರಂಥವೇ ಹೇಳುವ ಶಕವರ್ಷ ೧೦೫೧, ಎಂದರೆ ಕ್ರಿ. ಶ. ೧೧೨೯ರ ಸುಮಾರು, ಅದರ ರಚನೆಯ ಕಾಲವೆಂದು ತಿಳಿಯಬಹುದು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ, ಒಟ್ಟು ನೂರು ಅಧ್ಯಾಯಗಳಲ್ಲಿ, ರಾಜ್ಯವನ್ನು ಪಡೆಯುವ ಬಗೆಯಿಂದ ಹಿಡಿದು ಅಡಿಗೆ, ಸಂಗೀತ, ಚಿತ್ರ, ಆನೆ, ಕುದುರೆಗಳವರೆಗೆ ಅರಸನು ಅರಿತಿರಬೇಕಾದುದೆಲ್ಲವನ್ನೂ ಆತನು ಒಂದೆಡೆಗೆ ತಂದಿರುವನು. ನಾಲ್ಕನೆಯ ವಿಂಶತಿಯು ವಿನೋದಗಳದು. ಮಲ್ಲಯುದ್ಧ, ಕೋಳಿಯ ಅಂಕ, ಬೇಟೆನಾಯಿ, ಗಿಡುಗ, ಜಿಂಕೆಗಳ ನಡುವೆ ಅಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವೊಂದು ಉಂಟು. ಗಾಳದಿಂದ ಮೀನು ಹಿಡಿಯುವ ವಿದ್ಯೆಯೇ ಅದರ ವಿಷಯ.

ಫ್ಲಾರಿಡಾದ ಆ ಘಟನೆಗೆ ಏಳುನೂರೈವತ್ತು ವರ್ಷಗಳಿಗೂ ಹಿಂದೆ, ಕಡಲಿನಿಂದ ನೂರಾರು ಮೈಲಿ ದೂರದ ಒಳನಾಡಿನ ಸಿಂಹಾಸನದ ಮೇಲೆ ಕುಳಿತಿದ್ದ ದೊರೆಯೊಬ್ಬನು ಕಡಲಿನ ಮೀನನ್ನೂ ಹೊಳೆಯ ಮೀನನ್ನೂ ಒಂದೇ ಅಧ್ಯಾಯದಲ್ಲಿ ವಿಂಗಡಿಸಿ ವರ್ಣಿಸಿದನೆಂಬುದು ವಿಚಾರಯೋಗ್ಯವಾದ ಸಂಗತಿ. ಆತನ ರಾಜ್ಯದ ಭಾಗವಾಗಿದ್ದ ತುಂಗಭದ್ರೆಯ ದಡದ ಸೀಮೆ, ಎಂದರೆ ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಗಳ ನೆಲ, ಈ ಕಥೆಯಲ್ಲಿ ಪಡೆಯುವ ಸ್ಥಾನವೂ ಅಲ್ಪವಾದುದಲ್ಲ.

೨

ಮೊದಲು ಗ್ರಂಥದ ಮಾತು. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಸೋಮೇಶ್ವರನು ಹೆಸರಿಸುವನು. ಅವುಗಳಲ್ಲಿ ಕೆಲವು ಸಮುದ್ರದವು, ಕೆಲವು ನದಿಯವು; ಕೆಲವಕ್ಕೆ ಹುರುಪೆಯುಂಟು, ಕೆಲವಕ್ಕೆ ಇಲ್ಲ; ಕೆಲವು ಹಿರಿಯವು, ಕೆಲವು ನಡುತರದವು, ಕೆಲವು ಕಿರಿಯವು. ಇಂದಿನ ಪ್ರಾಣಿಶಾಸ್ತ್ರವು ಬಳಸುವ ಲಕ್ಷಣಗಳಲ್ಲಿ ಎರಡನ್ನು, ವಾಸಸ್ಥಾನವನ್ನೂ ಹುರುಪೆಯನ್ನೂ, ಆತನು ವಿಂಗಡಣೆಗೆ ಆಧಾರವಾಗಿ ಹಿಡಿದಿರುವನು. ಪಟ್ಟಿಯಲ್ಲಿ ‘ರೋಹಿತ’, ‘ಪಾಠೀನ’ ಮುಂತಾದ ಹಳೆಯ ಸಂಸ್ಕೃತ ಹೆಸರುಗಳ ಜೊತೆಗೆ ಸಂಸ್ಕೃತ ನಿಘಂಟುಗಳಿಗೆ ಅಪರಿಚಿತವಾದ ದೇಶ್ಯ ಹೆಸರುಗಳೂ ಸೇರಿವೆ. ಕಡಲಿನ ಮೀನಾದ ‘ಸೋರ’ವೆಂಬುದು ತಮಿಳಿನಲ್ಲಿ ಶಾರ್ಕ್ ಮೀನಿಗಿರುವ ‘ಸುರಾ’ ಎಂಬ ಮಾತನ್ನು ಹೋಲುವುದು. ಪಂಡಿತರ ಕೋಶಗಳಲ್ಲಿ ಇಲ್ಲದ ಹೆಸರುಗಳು ಬಲೆ ಬೀಸುವವರ ಬಾಯಿಂದಲ್ಲದೆ ಬೇರೆಲ್ಲಿಂದ ಬರಬೇಕು? ಈ ಒಂದು ಅಂಶವೇ ಗ್ರಂಥದ ಹಿಂದೆ ನಿಂತಿರುವ, ಹೆಸರಿಲ್ಲದ ಗುರುಗಳನ್ನು ಬಯಲಿಗೆಳೆಯುವುದು.

ಹೆಸರುಗಳಾದ ಮೇಲೆ ಸಾಧನಗಳು. ಕೋಲು ಹೇಗಿರಬೇಕು, ದಾರವನ್ನು ಯಾವ ನಾರಿನಿಂದ ಹೊಸೆಯಬೇಕು, ಗಾಳದ ಕೊಕ್ಕೆ ಎಂಥದು, ಯಾವ ಮೀನಿಗೆ ಯಾವ ಎರೆ ಎಂಬುದನ್ನು ಗ್ರಂಥವು ಹೇಳುವುದು. ಹಿಟ್ಟಿನ ಉಂಡೆಗೆ ಬರುವ ಮೀನು ಬೇರೆ, ಮಾಂಸದ ತುಣುಕಿಗೆ ಬರುವ ಮೀನು ಬೇರೆ. ಬೇಟೆಗೆ ಮುಂಚೆಯೇ ಮೀನುಗಳಿಗೆ ಆಹಾರವನ್ನು ಹಾಕಿ ಅವನ್ನು ಒಂದೆಡೆಗೆ ರೂಢಿಸುವ ಮತ್ತು ಕೊಬ್ಬಿಸುವ ಕ್ರಮವೂ ಅಲ್ಲಿ ಉಕ್ತವಾಗಿದೆ. ಆದುದರಿಂದಲೇ ಭಾರತದಲ್ಲಿ ಮೀನು ಸಾಕಣೆಯ ಚರಿತ್ರೆಯನ್ನು ಬರೆಯುವವರೂ ಈ ಅಧ್ಯಾಯವನ್ನು ನೆನೆಯುವರು. ಕೊನೆಗೆ, ಗಾಳ ನಾಟಿದ ಮೀನು ಸೆಳೆದಾಗ ದಾರವನ್ನು ಬಿಡುವುದು, ಅದು ಸೋತು ನಿಂತಾಗ ಎಳೆಯುವುದು, ಹೀಗೆ ಬಿಡುತ್ತ ಎಳೆಯುತ್ತ ದಣಿಸುವುದು. ೧೮೮೫ರಲ್ಲಿ ಫ್ಲಾರಿಡಾದಲ್ಲಿ ಟಾರ್ಪನ್ನನ್ನು ಗೆದ್ದ ಉಪಾಯದ ಸಾರವೂ ಇಷ್ಟೇ. ಕೈಯ ಬದಲು ರಾಟೆಯು ದಾರವನ್ನು ಬಿಟ್ಟು ಸುತ್ತಿತೆಂಬುದಷ್ಟೇ ಭೇದ.

ಈ ಗ್ರಂಥವು ಬಹುಕಾಲ ಓಲೆಗಳಲ್ಲಿಯೇ ಉಳಿದಿತ್ತು. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅದರ ಮೊದಲ ಸಂಪುಟವು ೧೯೨೫ರಲ್ಲಿಯೂ ವಿನೋದಗಳನ್ನೊಳಗೊಂಡ ಎರಡನೆಯ ಸಂಪುಟವು ೧೯೩೯ರಲ್ಲಿಯೂ ಅಚ್ಚಾದುವು. ಮೈಸೂರಿನ ಪ್ರಾಚ್ಯ ಗ್ರಂಥಾಲಯವು ೧೯೨೬ರಲ್ಲಿ ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಹೆಸರಿನಿಂದ ಮೊದಲ ಭಾಗವನ್ನು ಪ್ರಕಟಿಸಿತು. ೧೯೫೧ರಲ್ಲಿ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು ಈ ಅಧ್ಯಾಯವನ್ನು ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವಿಮರ್ಶಿಸಿ, ಮೀನುಗಳನ್ನು ಗುರುತಿಸಲು ಯತ್ನಿಸಿದರು. ಹೀಗೆ ಅರಸನ ಮಾತು ವಿಜ್ಞಾನಿಯ ಮೇಜಿಗೆ ಬರಲು ಎಂಟುನೂರು ವರ್ಷಗಳಿಗೂ ಮೇಲಾಯಿತು.

೩

ಒಳನಾಡಿನ ದೊರೆಗೆ ಕಡಲಿನ ಮೀನಿನ ಪರಿಚಯವು ಹೇಗೆ ಬಂದಿತೆಂದು ವಾಚಕರು ಕೇಳಬಹುದು. ಚಾಲುಕ್ಯರ ಅಧಿರಾಜ್ಯವು ಕಡಲನ್ನು ಮುಟ್ಟಿದ್ದಿತು. ಗೋವೆಯ ಕದಂಬರೂ ಕೊಂಕಣದ ಶಿಲಾಹಾರರೂ ಅವರ ಸಾಮಂತರ ಸಾಲಿಗೆ ಸೇರಿದವರು. ಗೋವೆಯ ಕದಂಬ ದೊರೆ ಇಮ್ಮಡಿ ಜಯಕೇಶಿಯು ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ವರಿಸಿದವನು. ಎಂದರೆ ಸೋಮೇಶ್ವರನ ಭಾವಮೈದುನನೇ ಕಡಲ ದಡದ ಒಡೆಯನಾಗಿದ್ದನು. ಘಟ್ಟದ ಕೆಳಗಿನ ಉಪ್ಪುನೀರೂ ಘಟ್ಟದ ಮೇಲಿನ ಸಿಹಿನೀರೂ ಒಂದೇ ಆಳಿಕೆಯ ನೆರಳಿನಲ್ಲಿದ್ದುದರಿಂದ ಎರಡು ನೀರುಗಳ ತಿಳಿವಳಿಕೆಯೂ ಒಂದೇ ಗ್ರಂಥದಲ್ಲಿ ಕೂಡುವುದು ಸಾಧ್ಯವಾಯಿತು.

ಆ ಉಪ್ಪುನೀರಿನಲ್ಲಿ ಇಂದಿಗೂ ಟಾರ್ಪನ್ನಿನ ಕುಲದ ಮೀನೊಂದು ಉಂಟು. ಲೋಕದಲ್ಲಿ ಈಗ ಬದುಕಿರುವ ಟಾರ್ಪನ್ ಜಾತಿಗಳು ಎರಡೇ. ಫ್ಲಾರಿಡಾದ ಕಡೆಯದು ಅಟ್ಲಾಂಟಿಕ್ ಸಾಗರದ್ದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ಕಿನ ಪಶ್ಚಿಮ ಭಾಗಗಳಲ್ಲಿರುವುದು ಅದರ ಕಿರಿಯ ದಾಯಾದಿ. ೧೭೮೨ರಲ್ಲಿ ಶಾಸ್ತ್ರೀಯವಾಗಿ ವರ್ಣಿತವಾದ ಈ ಮೀನಿನ ಕುಲನಾಮವಾದ ‘ಮೆಗಾಲಾಪ್ಸ್’ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ‘ದೊಡ್ಡ ಕಣ್ಣಿನದು’ ಎಂದು ಅರ್ಥ. ಬೆಳ್ಳಿಯ ಹೊಳಪಿನ ದೊಡ್ಡ ದೊಡ್ಡ ಹುರುಪೆಗಳು, ಮೇಲ್ಮೊಗವಾಗಿ ತೆರೆಯುವ ಗಟ್ಟಿ ಬಾಯಿ, ಬೆನ್ನಿನ ಈಜುರೆಕ್ಕೆಯ ಕೊನೆಯಲ್ಲಿ ದಾರದಂತೆ ಉದ್ದವಾದ ಒಂದು ಎಳೆ, ಇವು ಅದರ ಗುರುತುಗಳು. ಸಾಮಾನ್ಯವಾಗಿ ಸಿಕ್ಕುವುದು ಒಂದು ಮೊಳಕ್ಕೆ ಮೀರದು. ಆದರೂ ಹಿರಿಯ ದಾಯಾದಿಯಂತೆಯೇ ಅದು ಗಾಳ ನಾಟಿದೊಡನೆ ಚಿಮ್ಮುವುದು.

ಈ ಮೀನಿನ ಬಾಳು ಎರಡು ನೀರುಗಳಿಗೂ ಸೇರಿದುದು. ಅದು ಕಡಲಿನಲ್ಲಿ ಮೊಟ್ಟೆಯಿಡುವುದು. ಮರಿಯು ಮೊದಲು ಮೀನಿನಂತೆಯೇ ಇರದೆ ಗಾಜಿನ ಎಲೆಯಂತೆ ಚಪ್ಪಟೆಯಾಗಿ, ಪಾರದರ್ಶಕವಾಗಿ ಇರುವುದು. ಆ ರೂಪದಲ್ಲಿ ಅಲೆಗಳೊಡನೆ ತೇಲಿ ಅಳಿವೆಯನ್ನು ಸೇರಿ, ಅಲ್ಲಿ ರೂಪವನ್ನು ಬದಲಿಸಿ, ಹಿನ್ನೀರಿನ ಕಾಂಡ್ಲಾ ಬೇರುಗಳ ನಡುವೆ, ಕೆಸರಿನ ಹೊಂಡಗಳಲ್ಲಿ, ಕೆಲವು ವೇಳೆ ಶುದ್ಧ ಸಿಹಿನೀರಿನಲ್ಲಿಯೂ ಬೆಳೆಯುವುದು. ಇತರ ಮೀನುಗಳು ಉಸಿರುಗಟ್ಟಿ ಸಾಯುವಂಥ ನಿಂತ ನೀರಿನಲ್ಲಿಯೂ ಇದು ಬದುಕಬಲ್ಲುದು. ಏಕೆಂದರೆ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ತನ್ನ ಗಾಳಿಚೀಲದಿಂದ ಉಸಿರಾಡುವ ಶಕ್ತಿ ಇದಕ್ಕುಂಟು. ಉತ್ತರ ಕನ್ನಡದ ಅಘನಾಶಿನಿಯಂಥ ಅಳಿವೆಗಳ ದಡದಲ್ಲಿ ರೈತರು ‘ಗಜನಿ’ ಎಂದು ಕರೆಯುವ ಗದ್ದೆಗಳುಂಟು. ಮಳೆಗಾಲದಲ್ಲಿ ಅಲ್ಲಿ ಉಪ್ಪನ್ನು ತಾಳುವ ‘ಕಗ್ಗ’ವೆಂಬ ಭತ್ತ, ಬೆಳೆ ಕೊಯ್ದ ಮೇಲೆ ಉಬ್ಬರದೊಡನೆ ಒಳಹೊಕ್ಕ ಮೀನು, ಸಿಗಡಿ. ಇಳಿತದ ಹೊತ್ತಿಗೆ ತೂಬಿಗೆ ಬಲೆಯೊಡ್ಡಿ ಹಿಡಿಯುವರು. ಚಂದ್ರನ ತಿಥಿಯನ್ನೂ ನೀರಿನ ಏರಿಳಿತವನ್ನೂ ಅರಿಯದವನಿಗೆ ಅಲ್ಲಿ ಊಟವಿಲ್ಲ. ಅಂಥ ಅರಿವಿನಿಂದಲೇ ಭೂಲೋಕಮಲ್ಲನ ಅಧ್ಯಾಯದ ಕಡಲ ಭಾಗವು ಹುಟ್ಟಿರಬೇಕು.

೪

ಇನ್ನು ಒಳನಾಡು. ಚಾಲುಕ್ಯರ ಕಾಲದಲ್ಲಿ ಈ ಐದು ತಾಲ್ಲೂಕುಗಳ ಬಹುಭಾಗವು ನೊಳಂಬವಾಡಿ ಮೂವತ್ತಿರ್ಛಾಸಿರಕ್ಕೂ ಅದರೊಳಗಿನ ಕೋಗಳಿ ಐನೂರಕ್ಕೂ ಸೇರಿದ್ದಿತು. ಇಂದಿನ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿದ್ದು ಪಾಂಡ್ಯವಂಶದ ಸಾಮಂತರು ನೊಳಂಬವಾಡಿಯನ್ನು ಆಳಿದರು. ಬಾಗಳಿಯ ಕಲ್ಲೇಶ್ವರ, ಅಂಬಳಿಯ ಕಲ್ಲೇಶ್ವರ, ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ, ಹಡಗಲಿಯ ಕೇಶವ ಮುಂತಾದ ದೇವಾಲಯಗಳು ಆ ಯುಗದ ಶಿಲ್ಪವೈಭವಕ್ಕೆ ಸಾಕ್ಷಿಗಳು. ಕೋಗಳಿಯ ಬಸದಿಯು ಅದೇ ನೆಲದಲ್ಲಿ ಅಹಿಂಸಾಧರ್ಮವು ಬೇರೂರಿದ್ದುದನ್ನು ಸಾರುವುದು. ಈ ಶಿಲಾಶಾಸನಗಳಲ್ಲಿ ಭೂಮಿಯ ಅಳತೆಗೂ ದತ್ತಿಗೂ ಕೆರೆಗೂ ತೋಟಕ್ಕೂ ಮನ್ನಣೆಯುಂಟು. ಗಾಳ ಹಾಕುವವನು ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಅಂತಸ್ತಿನವನಲ್ಲ. ಆತನ ದತ್ತಿಯು ನೀರಿನಲ್ಲಿಯೇ ಬರೆದುದು.

ಆದರೆ ಹೊಳೆಯ ಜನ ಮೂಕರಾಗಿದ್ದರೆಂದು ತಿಳಿಯಲಾಗದು. ಸೋಮೇಶ್ವರನು ೧೧೩೮ರ ಸುಮಾರಿಗೆ ತೀರಿಕೊಂಡನು. ಅದೇ ಶತಮಾನದಲ್ಲಿ, ಅದೇ ತುಂಗಭದ್ರೆಯ ದಡದಲ್ಲಿ, ಅಂಬಿಗರ ಚೌಡಯ್ಯನೆಂಬ ಶರಣನು ದೋಣಿ ನಡೆಯಿಸುತ್ತ ಕನ್ನಡದಲ್ಲಿ ವಚನಗಳನ್ನು ನುಡಿದನು. ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಚೌಡಯ್ಯದಾನಪುರವು ಆತನ ಹೆಸರನ್ನು ಹೊತ್ತಿರುವುದು. ಅಲ್ಲಿಂದ ಕೆಳಕ್ಕೆ ಹರಿದು ಹೊಳೆಯು ಹಡಗಲಿಯ ಸೀಮೆಯನ್ನು ಮುಟ್ಟುವುದು. ಅರಸನು ಮೀನುಗಾರನ ವಿದ್ಯೆಯನ್ನು ಸಂಸ್ಕೃತಕ್ಕೆ ಏರಿಸಿದನು. ಅಂಬಿಗನು ತನ್ನ ಮಾತನ್ನು ತಾನೇ ಆಡಿದನು. ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಿದಲ್ಲದೆ ಹನ್ನೆರಡನೆಯ ಶತಮಾನದ ಹೊಳೆಯ ಬಾಳು ಪೂರ್ತಿಯಾಗಿ ಕಾಣಿಸದು.

ಆ ಬಾಳಿನ ಪರಿಕರಗಳು ಬಹುಕಾಲ ಮಾರ್ಪಡದೆ ಉಳಿದುವು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಹರಿಗೋಲು, ಬೀಸುಬಲೆ, ಕೂಳಿ, ಗಾಳ, ಎರೆ, ಈ ಮಾತುಗಳೆಲ್ಲವೂ ಅಚ್ಚಕನ್ನಡದವು. ‘ಎರೆ’ ಎಂಬ ಒಂದೇ ಮಾತು ಮಣ್ಣಿನ ಹುಳುವಿಗೂ ಗಾಳಕ್ಕೆ ಚುಚ್ಚುವ ಆಹಾರಕ್ಕೂ ಸಲ್ಲುವುದು. ಒಂದು ಕಸುಬು ಭಾಷೆಯೊಳಗೆ ಎಷ್ಟು ಆಳವಾಗಿ ಇಳಿದಿರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಬೆಸ್ತರು, ಅಂಬಿಗರು, ಕಬ್ಬಲಿಗರು, ಗಂಗಾಮತಸ್ಥರು ಎಂಬ ಹೆಸರುಗಳಿಂದ ಕರೆಯಲ್ಪಡುವ ಜನರು ಈ ವಿದ್ಯೆಯನ್ನು ತಂದೆಯಿಂದ ಮಗನಿಗೆ ಒಪ್ಪಿಸುತ್ತ ಬಂದರು. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಅಣೆಗಳನ್ನು ಕಟ್ಟಿಸಿದರು. ಕೃಷ್ಣದೇವರಾಯನ ಕಾಲದಲ್ಲಿ ೧೫೨೧ರಲ್ಲಿ ಕೊರಗಲ್ಲಿನ ಅಣೆಯೂ ಬಸವಣ್ಣ ಕಾಲುವೆಯೂ ಆದುವು. ಆದರೆ ಆ ಅಣೆಗಳು ಬಂಡೆಯಿಂದ ಬಂಡೆಗೆ ಕೂಡಿಸಿ ಕಟ್ಟಿದ ತಗ್ಗಾದ ಕಟ್ಟೆಗಳು. ಮಳೆಗಾಲದ ಪ್ರವಾಹವು ಅವುಗಳ ತಲೆಯ ಮೇಲೆ ಹರಿಯುತ್ತಿದ್ದಿತು. ಆದುದರಿಂದ ಹೊಳೆಯು ಕಾಲುವೆಗೆ ನೀರನ್ನು ಕೊಟ್ಟರೂ ಮೀನಿಗೆ ದಾರಿಯನ್ನು ಪೂರ್ತಿಯಾಗಿ ಮುಚ್ಚಲಿಲ್ಲ.

೫

೧೮೦೦ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಗಳೊಡನೆ ಬಳ್ಳಾರಿಯು ಇಂಗ್ಲಿಷರ ವಶವಾಗಿ ಮದರಾಸು ಆಧಿಪತ್ಯಕ್ಕೆ ಸೇರಿತು. ದಕ್ಷಿಣ ಕನ್ನಡವೂ ಅದೇ ಆಧಿಪತ್ಯದ್ದು. ಹೀಗೆ ಕೂಡ್ಲಿಗಿಯ ಕೆರೆಗೂ ಮಂಗಳೂರಿನ ಅಳಿವೆಗೂ ಮತ್ತೊಮ್ಮೆ ಒಂದೇ ಸರಕಾರವಾಯಿತು. ಮೀನಿನ ವಿದ್ಯೆಯು ಮತ್ತೊಮ್ಮೆ ಬರವಣಿಗೆಗೆ ಇಳಿದುದೂ ಈ ಕಾಲದಲ್ಲಿಯೇ.

ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಆ ಜಿಲ್ಲೆಯ ಮೀನಿನ ಸಂವರ್ಧನೆಯನ್ನು ಕುರಿತು ೧೮೭೦ರಲ್ಲಿ ವರದಿಯೊಂದನ್ನು ಪ್ರಕಟಿಸಿದನು. ಹೊಳೆಗಳಿಗೆ ವಿಷ ಹಾಕುವುದರಿಂದಲೂ ಎಳೆಯ ಮರಿಗಳನ್ನು ಲೆಕ್ಕವಿಲ್ಲದೆ ಹಿಡಿಯುವುದರಿಂದಲೂ ಜನರ ಆಹಾರವೇ ನಾಶವಾಗುತ್ತಿರುವುದೆಂಬುದು ಆತನ ವಾದ. ಕಾರೆಕಾಯಿಯಂಥ ಕಾಯಿಗಳನ್ನು ಜಜ್ಜಿ ಮಡುವಿಗೆ ಹಾಕಿದರೆ ಹಿರಿಯ ಮೀನಿನೊಡನೆ ಮರಿಯೂ ತೇಲುವುದು. ಆ ದಿನದ ಊಟಕ್ಕೆ ಮುಂದಿನ ವರ್ಷದ ಊಟವೇ ಬಲಿ. ೧೮೭೩ರಲ್ಲಿ ಥಾಮಸನು ಭಾರತದ ಗಾಳದ ಬೇಟೆಯನ್ನು ಕುರಿತು ಬರೆದ ದೊಡ್ಡ ಗ್ರಂಥವು ಮಂಗಳೂರಿನಲ್ಲಿ ಅಚ್ಚಾಯಿತು. ೧೮೮೭ರಲ್ಲಿ ಕೆರೆಗಳಲ್ಲಿ ಗಾಳ ಹಾಕುವ ಬಗೆಯನ್ನೇ ವಿಷಯವಾಗಿಸಿ ಆತನು ಇನ್ನೊಂದು ಗ್ರಂಥವನ್ನು ರಚಿಸಿದನು. ಅರಸನು ವಿನೋದಕ್ಕಾಗಿ ಬರೆದ ವಿಷಯವನ್ನು ಏಳೂವರೆ ಶತಮಾನಗಳಾದ ಮೇಲೆ ಒಬ್ಬ ಅಧಿಕಾರಿಯು ಅದೇ ಕನ್ನಡ ಕರಾವಳಿಯಲ್ಲಿ ಮತ್ತೆ ಬರೆದನು. ಆತನೂ ಮೀನಿನ ನಡೆಯನ್ನು ತಿಳಿದವರ ನೆರವಿಲ್ಲದೆ ಅದನ್ನು ಬರೆಯಲಾರನು. ಆದರೆ ಮುಖಪುಟದ ಮೇಲೆ ಹೆಸರು ಒಬ್ಬನದೇ.

ಇದೇ ಕಾಲದಲ್ಲಿ ಮದರಾಸಿನ ವೈದ್ಯಾಧಿಕಾರಿ ಫ್ರಾನ್ಸಿಸ್ ಡೇ ಎಂಬಾತನು ದೇಶದ ಸಿಹಿನೀರಿನ ಮೀನುಗಾರಿಕೆಯನ್ನು ಪರಿಶೀಲಿಸಿ ೧೮೭೩ರಲ್ಲಿ ವರದಿಯನ್ನೂ, ಅದಾದ ಕೆಲವು ವರ್ಷಗಳಲ್ಲಿ ಭಾರತದ ಮೀನುಗಳ ಸಚಿತ್ರ ಮಹಾಗ್ರಂಥವನ್ನೂ ಹೊರತಂದನು. ನದಿಗಳಿಗೆ ಕಟ್ಟಿದ ಅಣೆಗಳು ಮೀನಿನ ಸಂಚಾರಕ್ಕೆ ಅಡ್ಡಿಯಾಗುವುವೆಂಬ ಪ್ರಶ್ನೆಯು ಆಗಲೇ ಚರ್ಚೆಗೆ ಬಂದಿದ್ದಿತು. ೧೮೯೭ರಲ್ಲಿ ಭಾರತದ ಮೀನುಗಾರಿಕೆಯ ಕಾನೂನು ಹುಟ್ಟಿ, ವಿಷದಿಂದಲೂ ಸಿಡಿಮದ್ದಿನಿಂದಲೂ ಮೀನು ಕೊಲ್ಲುವುದು ಅಪರಾಧವಾಯಿತು. ೧೯೦೫ರಿಂದ ಸರ್ ಫ್ರೆಡರಿಕ್ ನಿಕಲ್ಸನ್ನನು ಮದರಾಸಿನಲ್ಲಿ ಮೀನುಗಾರಿಕೆಯ ಇಲಾಖೆಗೆ ತಳಹದಿಯನ್ನು ಹಾಕಿದನು.

೬

ತುಂಗಭದ್ರೆಯ ಮಟ್ಟಿಗೆ ನಿಜವಾದ ಯುಗಾಂತರವು ಬಂದುದು ಇದಕ್ಕೂ ಈಚೆಗೆ. ಬರದಿಂದ ಬೆಂದ ಈ ಸೀಮೆಗೆ ನೀರನ್ನು ಕೊಡಬೇಕೆಂಬ ಬಹುಕಾಲದ ಆಲೋಚನೆಯು ಕೈಗೂಡಿ, ೧೯೪೫ರ ಫೆಬ್ರವರಿ ೨೮ರಂದು ಹೊಸಪೇಟೆಯ ಬಳಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ೧೯೫೩ರಲ್ಲಿ ನೀರು ನಿಂತಿತು. ಅದೇ ವರ್ಷದ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ತುಂಬಿದಾಗ ಜಲಾಶಯದ ಹರವು ಸುಮಾರು ೩೭೮ ಚದರ ಕಿಲೋಮೀಟರು. ಹಗರಿಬೊಮ್ಮನಹಳ್ಳಿ, ಹಡಗಲಿಗಳ ಕಡೆಯ ಹಿನ್ನೀರಿನಲ್ಲಿ ಹಳೆಯ ಊರುಗಳೂ ಗದ್ದೆಗಳೂ ಮುಳುಗಿದುವು. ನಾರಾಯಣದೇವರಕೆರೆಯಂಥ ಊರು ಹೆಸರಾಗಿ ಮಾತ್ರ ಉಳಿಯಿತು. ಅಲ್ಲಿಯ ಜನರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಅಣೆಕಟ್ಟು ಅನ್ನವನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಹಿಂದೆ ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಮಡುಗಳಾಗಿ ಉಳಿಯುತ್ತಿದ್ದ ಹೊಳೆಯಲ್ಲಿ ಗಾಳ ಹಾಕಿದವರಿಗೆ ಅದು ಸಮುದ್ರದಂಥ ಹೊಸ ನೀರನ್ನೂ ಕೊಟ್ಟಿತು. ಗಂಗಾನದಿಯ ಕಡೆಯ ರೋಹು, ಮೃಗಾಲ ಮುಂತಾದ ಗೆಂಡೆ ಜಾತಿಯ ಮರಿಗಳನ್ನು ಸಾಕಿ ಜಲಾಶಯಕ್ಕೆ ಬಿಡುವ ಕ್ರಮವು ಬಂದಿತು. ಭೂಲೋಕಮಲ್ಲನು ಹೇಳಿದ, ಆಹಾರ ಹಾಕಿ ಮೀನನ್ನು ಬೆಳೆಯಿಸುವ ಉಪಾಯವೇ ಇಲ್ಲಿ ಬೃಹತ್ತಾದ ರೂಪವನ್ನು ತಾಳಿತೆನ್ನಬಹುದು.

ಆದರೆ ಲಾಭದ ಪಕ್ಕದಲ್ಲಿ ನಷ್ಟವನ್ನೂ ಬರೆಯದಿದ್ದರೆ ಅದು ಚರಿತ್ರೆಯೆನಿಸದು. ಆ ನಷ್ಟವನ್ನು ತಿಳಿಯಲು ಹಾವುಮೀನಿನ ಉದಾಹರಣೆಯು ಸಾಕು. ಹಾವಿನಂತೆ ಉದ್ದವಾದ ಈ ಮೀನು ಕೃಷ್ಣಾ ಮತ್ತು ಅದರ ಉಪನದಿಗಳ ಸಿಹಿನೀರಿನಲ್ಲಿ ಬಂಡೆಗಳ ಸಂದುಗಳೊಳಗೆ ವರ್ಷಗಟ್ಟಲೆ ಬದುಕುವುದು. ಆದರೆ ಅದು ಅಲ್ಲಿ ಮರಿಮಾಡುವುದಿಲ್ಲ. ಪ್ರಾಯ ಬಂದ ಮೇಲೆ ಹೊಳೆಯ ಹರಿವನ್ನು ಹಿಡಿದು, ಕೃಷ್ಣೆಯೊಳಗೆ ಸೇರಿ, ಬಂಗಾಳ ಕೊಲ್ಲಿಗೆ ಇಳಿದು, ಆಳವಾದ ಕಡಲಿನಲ್ಲಿ ಮೊಟ್ಟೆಯಿಟ್ಟು ಸಾಯುವುದು. ಅದರ ಮರಿಯೂ ಟಾರ್ಪನ್ನಿನ ಮರಿಯಂತೆಯೇ ಗಾಜಿನ ಎಲೆಯ ರೂಪದ್ದು; ಈ ಸಾಮ್ಯವನ್ನು ಹಿಡಿದೇ ಪ್ರಾಣಿಶಾಸ್ತ್ರಜ್ಞರು ಟಾರ್ಪನ್ನನ್ನೂ ಹಾವುಮೀನನ್ನೂ ಒಂದೇ ಮಹಾಕುಲದಲ್ಲಿ ಸೇರಿಸಿರುವರು. ಅಲ್ಲಿಂದ ಮರಿಗಳು ಮತ್ತೆ ನದಿಯ ಬಾಯನ್ನು ಹುಡುಕಿ, ನೂರಾರು ಮೈಲಿ ಮೇಲಕ್ಕೆ ಏರಿ ಬರಬೇಕು. ಎಂದರೆ ತುಂಗಭದ್ರೆಯ ಬಂಡೆಯ ಸಂದಿನಲ್ಲಿ ಅಡಗಿದ ಮೀನು ಉಪ್ಪುನೀರಿನ ಟಾರ್ಪನ್ನಿಗೆ ಬಂಧುವಷ್ಟೇ ಅಲ್ಲ, ತಾನೂ ಕಡಲಿನಲ್ಲಿಯೇ ಹುಟ್ಟಿದುದು. ಒಳನಾಡಿಗೂ ಕಡಲಿಗೂ ನಡುವೆ ಜೀವಂತವಾದ ಎಳೆಯೊಂದು ಹೀಗೆ ಹಬ್ಬಿತ್ತು.

ಆ ಎಳೆಯ ಮೇಲೆ ಕಟ್ಟೆಗಳು ಒಂದೊಂದಾಗಿ ಎದ್ದುವು. ವಿಜಯವಾಡದಲ್ಲಿ ಕೃಷ್ಣೆಗೆ ೧೮೫೫ರಲ್ಲಿ ಕಟ್ಟಿದ ಅಣೆಯ ಸ್ಥಾನದಲ್ಲಿ ೧೯೫೭ರಲ್ಲಿ ಪ್ರಕಾಶಂ ಬ್ಯಾರೇಜು ಬಂದಿತು. ಅದರ ಮೇಲೆ ನಾಗಾರ್ಜುನಸಾಗರ, ಅದರ ಮೇಲೆ ಶ್ರೀಶೈಲ, ಅದರ ಮೇಲೆ ತುಂಗಭದ್ರೆಯದೇ ಅಣೆಕಟ್ಟು. ವಿಜಯನಗರದ ತಗ್ಗಾದ ಅಣೆಯನ್ನು ಪ್ರವಾಹದಲ್ಲಿ ದಾಟಬಹುದಾಗಿದ್ದಿತು; ಇವುಗಳನ್ನು ಏರಿ ಬರುವ ಬಲ ಬೆರಳುದ್ದದ ಮರಿಗೆ ಎಲ್ಲಿಂದ ಬರಬೇಕು? ಸಾಕಿ ಬಿಟ್ಟ ಗೆಂಡೆಯಂತೆ ಹಾವುಮೀನಿನ ಮರಿಯನ್ನು ಕೊಳದಲ್ಲಿ ಮೊಟ್ಟೆಯೊಡೆಯಿಸಿ ಜಲಾಶಯಕ್ಕೆ ಬಿಡುವುದು ಸಾಧ್ಯವಾಗಿಲ್ಲ. ಅದಕ್ಕೆ ಕಡಲೇ ಬೇಕು, ದಾರಿಯೇ ಬೇಕು. ಮೀನಿನ ತೂಕವನ್ನು ಮಾತ್ರ ಅಳೆಯುವ ಲೆಕ್ಕದಲ್ಲಿ ಈ ನಷ್ಟವು ಕಾಣಿಸುವುದಿಲ್ಲ. ಜಲಾಶಯದಲ್ಲಿ ಮೀನು ಹೆಚ್ಚಿರಬಹುದು. ಆದರೆ ಮೀನುಗಳ ಬಗೆ ಕುಗ್ಗಿದಂತೆ ಅವುಗಳ ಹೆಸರುಗಳೂ, ಒಂದೊಂದಕ್ಕೆ ಸಲ್ಲುವ ಎರೆಯ ಅರಿವೂ, ಮಡುವನ್ನು ಗುರುತಿಸುವ ಕಣ್ಣೂ ಕುಗ್ಗುವುವು. ಮೂವತ್ತೈದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಗುರುಗಳು ಅರಸನಿಗೆ ಸಿಕ್ಕಿದ್ದರು. ಜಲಾಶಯಕ್ಕೆ ಬಿಟ್ಟ ನಾಲ್ಕಾರು ಜಾತಿಯ ಗೆಂಡೆಗಳನ್ನೇ ನಂಬಿದ ಕಸುಬಿಗೆ ಅಷ್ಟು ಹೆಸರುಗಳ ಅಗತ್ಯವೇ ಉಳಿಯದು.

೭

ಇತ್ತೀಚಿನ ಸಂಗತಿಯೊಂದು ಈ ಚರಿತ್ರೆಗೆ ತಕ್ಕ ಕೊನೆಯನ್ನು ಒದಗಿಸಿರುವುದು. ೨೦೨೧ರಲ್ಲಿ ಈ ಐದು ತಾಲ್ಲೂಕುಗಳು ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿದುವು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಶತಮಾನಗಳ ಹಿಂದೆ ಊರಿನವರ ಬೇಸಾಯಕ್ಕಾಗಿ ಕಟ್ಟಿಸಿದ ಕೆರೆಯೊಂದು ಉಂಟು. ವಿಸ್ತಾರ ೨೪೪ ಎಕರೆ. ಅದರೊಳಗಿನ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಕರಿತಲೆಯ ಕೆಂಬರಲುಗಳೂ ಸಾವಿರ ಸಾವಿರವಾಗಿ ಗೂಡು ಕಟ್ಟುವುವು. ಆ ಕೆರೆಯಲ್ಲಿ ೪೧ ಬಗೆಯ ಮೀನುಗಳನ್ನು ಎಣಿಸಿರುವರು. ೨೦೨೪ರ ಜನವರಿ ತಿಂಗಳಿನ ಕೊನೆಯಲ್ಲಿ ಈ ಕೆರೆಯು ರಾಮ್‌ಸರ್ ಒಪ್ಪಂದದ ಮೇರೆಗೆ ಲೋಕಮಾನ್ಯವಾದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಅದರ ಜೊತೆಯಲ್ಲಿಯೇ ಕರ್ನಾಟಕದಿಂದ ಸೇರಿದವು ಎರಡು: ಗದಗ ಜಿಲ್ಲೆಯ ಮಾಗಡಿ ಕೆರೆ, ಮತ್ತು ೪,೮೦೧ ಹೆಕ್ಟೇರು ವಿಸ್ತಾರದ ಅಘನಾಶಿನಿಯ ಅಳಿವೆ.

ಸೋಮೇಶ್ವರನು ಒಂದು ಅಧ್ಯಾಯದಲ್ಲಿ ಕೂಡಿಸಿದ ಎರಡು ನೀರುಗಳು, ಒಳನಾಡಿನ ಕೆರೆಯೂ ಕಡಲಿನ ಅಳಿವೆಯೂ, ಒಂಬೈನೂರು ವರ್ಷಗಳಿಗೆ ಸಮೀಪವಾದಾಗ ಮತ್ತೊಮ್ಮೆ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ನಿಂತುವು. ಅಘನಾಶಿನಿಯಲ್ಲಿ ಆರೇಳು ಸಾವಿರ ಕುಟುಂಬಗಳು ಮೀನು, ಚಿಪ್ಪು, ಏಡಿ, ಉಪ್ಪು, ಗಜನಿಯ ಭತ್ತಗಳಿಂದ ಬಾಳುವುವು. ಅಂಕಸಮುದ್ರದಲ್ಲಿ ಊರಿನ ಕೆರೆಯನ್ನು ಊರೇ ಕಾಯ್ದುದರಿಂದ ಕೊಕ್ಕರೆಗೂ ಮೀನಿಗೂ ನೆಲೆ ಉಳಿಯಿತು.

ಗಾಳದ ವಿದ್ಯೆಯನ್ನು ಕೊಲೆಯ ವಿದ್ಯೆಯೆಂದು ಹಳಿಯುವವರು ಉಂಟು. ವೀರರ ವಿನೋದವೆಂದು ಹೊಗಳುವವರೂ ಉಂಟು. ಚರಿತ್ರೆಯು ತೋರಿಸುವುದು ಬೇರೆ. ನೀರು ಎಲ್ಲಿ ಆಳ, ಎಲ್ಲಿ ನಿಲುವು, ಯಾವ ಮೀನು ಯಾವ ತಿಂಗಳಿನಲ್ಲಿ ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂಬ ಅರಿವೇ ಆ ವಿದ್ಯೆಯ ತಿರುಳು. ಕೊಕ್ಕೆ ಅದರ ತುದಿ ಮಾತ್ರ. ಆ ಅರಿವು ಮೊದಲಿನಿಂದಲೂ ಬೆಸ್ತರದು, ಅಂಬಿಗರದು. ಅರಸನು ಅದನ್ನು ಬರೆದಿಟ್ಟುದರಿಂದ ಒಂದಂಶವು ಉಳಿಯಿತು. ಬರೆದವನ ಹೆಸರು ಉಳಿದಷ್ಟು ಹೇಳಿದವರ ಹೆಸರು ಉಳಿಯಲಿಲ್ಲ. ತುಂಗಭದ್ರೆಯ ಹಿನ್ನೀರಿನ ದಡದಲ್ಲಿ ಹರಿಗೋಲನ್ನು ಹುಟ್ಟುಹಾಕುವ ಹಿರಿಯರು ಇನ್ನೂ ಇರುವರು. ಅವರು ಬಲ್ಲ ಮೀನಿನ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ, ಅವರ ಹೆಸರಿನೊಡನೆಯೇ ಬರೆದಿಡುವ ಕೆಲಸವು ಈ ಸೀಮೆಯ ವಿದ್ಯಾವಂತರಿಗೆ ಉಳಿದಿದೆ. ಅದಕ್ಕೆ ಚಕ್ರವರ್ತಿಯ ಸಿಂಹಾಸನವೇನೂ ಬೇಕಾಗಿಲ್ಲ.